ಎಲ್ಲದಕ್ಕೂ ‘ಮತ್ತು’ ಹಾಕುವ ಹುಡುಗ

ತಂಗಿ, ನೀನು ನಿನ್ನೆ ರಾತ್ರಿ ಗುಂಪಿನಲ್ಲಿ ಹಾಕಿದ ನೋಟ್‌ಬುಕ್ಕಿನ ಫೋಟೊ ನೋಡಿದೆ. ಇಷ್ಟೆಲ್ಲವನ್ನು ಬೆರಳಿನಿಂದ ಒತ್ತಿ ಬರೆಯುವುದು ನನ್ನಿಂದಾಗದ ಕೆಲಸವಾದ್ದರಿಂದ ಮಾತಿನಲ್ಲಿಯೇ ಹೇಳುತ್ತೇನೆ. ಉದ್ದವಾಗುತ್ತದೆ, ರೊಟ್ಟಿ ಬಡಿಯುತ್ತ ಕೇಳಿಸಿಕೋ. ಮೂರನೆಯ ತರಗತಿಯ ನಿನ್ನ ಮಗ ‘ನಾನು ಎದ್ದೆನು ಮತ್ತು ಹಲ್ಲು ಉಜ್ಜಿದೆನು ಮತ್ತು ಹಾಲು ಕುಡಿದೆನು ಮತ್ತು ಶಾಲೆಗೆ ಹೋದೆನು’ ಎಂದು ಬರೆದಿದ್ದಾನೆ, ಅದರ ಕೆಳಗೆ ಕೆಂಪು ಗೆರೆ ಬಿದ್ದಿದೆ. ‘ಮತ್ತು, ಆದರೆ, ಅಥವಾ, ಆದ್ದರಿಂದ, ಏಕೆಂದರೆ’ ಎಂದು ಪಟ್ಟಿ ಬರೆದು ಬಾಯಿಪಾಠ ಮಾಡಿಸಲೇ ಅಕ್ಕಾ ಎಂದು ನೀನು ಕೇಳಿದ್ದೀ. ಬೇಡ. ಪಟ್ಟಿ ಬಾಯಿಗೆ ಬಂದರೂ ಯಾವುದನ್ನು ಎಲ್ಲಿ ಹಾಕಬೇಕೆಂಬುದು ಅದರಿಂದ ತಿಳಿಯುವುದಿಲ್ಲ.

ಮೊದಲು ಅವನ ಮಾತನ್ನು ಗಮನಿಸು. ಶಾಲೆಯಿಂದ ಬಂದವನು ‘ಕೈ ತೊಳ್ಕೊಂಡು, ರೊಟ್ಟಿ ತಿಂದು, ಆಡಾಕ ಹೊಕ್ಕೀನಿ’ ಎನ್ನುತ್ತಾನೆಯೇ ಹೊರತು ನಡುವೆ ಒಂದು ‘ಮತ್ತು’ವನ್ನೂ ತರುವುದಿಲ್ಲ. ಒಬ್ಬನೇ ಮಾಡಿದ ಕೆಲಸಗಳು ಒಂದರ ಹಿಂದೊಂದು ಬಂದಾಗ ಕನ್ನಡದಲ್ಲಿ ಮುಂಚಿನ ಕ್ರಿಯಾಪದಗಳು ‘ಎದ್ದು, ಉಜ್ಜಿ, ಕುಡಿದು’ ಎಂದು ಅರ್ಧಕ್ಕೆ ನಿಂತು, ಕೊನೆಯದೊಂದು ಮಾತ್ರ ಪೂರ್ತಿಯಾಗುತ್ತದೆ. ಇಂಗ್ಲಿಷಿನ ‘ಆ್ಯಂಡ್’ ವಾಕ್ಯಕ್ಕೆ ವಾಕ್ಯವನ್ನು ಸಲೀಸಾಗಿ ಕಟ್ಟುತ್ತದೆ. ನಮ್ಮ ‘ಮತ್ತು’ವಿಗೆ ಹೆಚ್ಚಾಗಿ ಹೆಸರುಗಳನ್ನು ಕಟ್ಟುವ ಕೆಲಸ, ಅದೂ ಬರಹದಲ್ಲಿ. ಮಾತಿನಲ್ಲಿ ನಾವು ‘ಬೆಲ್ಲಾನೂ ಶೇಂಗಾನೂ ತಗೊಂಬಾ’ ಎಂದು ಮುಗಿಸುತ್ತೇವೆ. ಹುಡುಗ ಇಂಗ್ಲಿಷ್ ಪುಸ್ತಕದ ಅಭ್ಯಾಸವನ್ನು ಕನ್ನಡಕ್ಕೆ ತಂದಿದ್ದಾನೆ, ಅಷ್ಟೇ. ವ್ಯಾಕರಣದ ಲೆಕ್ಕದಲ್ಲಿ ‘ಎದ್ದು, ಹಲ್ಲುಜ್ಜಿ, ಶಾಲೆಗೆ ಹೋದೆನು’ ಎಂಬುದರಲ್ಲಿ ಪೂರ್ಣ ಕ್ರಿಯಾಪದ ಒಂದೇ ಇರುವುದರಿಂದ ಅದು ಸಾಮಾನ್ಯ ವಾಕ್ಯವೇ. ಸ್ವತಂತ್ರವಾಗಿ ನಿಲ್ಲಬಲ್ಲ ವಾಕ್ಯಗಳು ಕೂಡಿದರೆ ಮಾತ್ರ ಸಂಯೋಜಿತ ವಾಕ್ಯ. ಆ ಹೆಸರುಗಳು ಹೈಸ್ಕೂಲಿಗೆ ಹೋದ ಮೇಲೆ ಸಾಕು.

ಇದನ್ನು ಕಲಿತ ಮರುದಿನವೇ ಅವನು ‘ಅವ್ವ ರೊಟ್ಟಿ ಬಡಿದು ನಾನು ತಿಂದೆ’ ಎಂದು ಬರೆಯುತ್ತಾನೆ, ನೋಡುತ್ತಿರು. ಆಗ ‘ಬಡಿದವರು ಯಾರು, ತಿಂದವರು ಯಾರು’ ಎಂದಷ್ಟೇ ಕೇಳು. ಇಬ್ಬರಾದರೆ ‘ಅವ್ವ ರೊಟ್ಟಿ ಬಡಿದಳು, ನಾನು ತಿಂದೆ’ ಎಂದು ಎರಡನ್ನೂ ಪೂರ್ತಿ ಹೇಳಬೇಕು. (‘ಮಳೆ ಬಂದು ಬೆಳೆ ಕೆಟ್ಟಿತು’ ಎನ್ನುತ್ತೇವಲ್ಲ ಎಂದು ನಮ್ಮ ತಮ್ಮ ಇದೇ ಗುಂಪಿನಲ್ಲಿ ತಕರಾರು ತೆಗೆಯುತ್ತಾನೆ. ಅದು ಕಾರಣ ಹೇಳುವ ಬಗೆಯಪ್ಪಾ, ಮಳೆಯೂ ಬೆಳೆಯೂ ಮನಸ್ಸು ಮಾಡಿ ಮಾಡಿದ ಕೆಲಸವಲ್ಲ.)

ಇನ್ನು ಜೋಡಿಸುವ ಪದಗಳು. ಅವನ ಬಾಯಲ್ಲಿ ‘ಅದಕ್ಕ’ ಇದೆ, ಅದನ್ನು ಬರಹದಲ್ಲಿ ‘ಆದ್ದರಿಂದ’ ಮಾಡು. ‘ಆದ್ರ’ ಇದೆ, ‘ಆದರೆ’ ಮಾಡು. ನಮ್ಮ ಕಡೆಯ ಮಾತಿನಿಂದ ಆರಂಭಿಸಲು ನಾಚಬೇಡ; ಯಾವ ಊರುಗಳ ನಡುವಣ ನಾಡು ಕನ್ನಡದ ತಿರುಳೆಂದು ಹೇಳುವಾಗ 9ನೆಯ ಶತಮಾನದ ಕವಿರಾಜಮಾರ್ಗ ನಮ್ಮ ಕೊಪ್ಪಳವನ್ನು ಕೊಪಣನಗರವೆಂದು ಹೆಸರಿಸಿದೆ. ‘ಏಕೆಂದರೆ’ ಕೊನೆಗಿರಲಿ, ಏಕೆಂದರೆ ಅದರಲ್ಲಿ ಆದದ್ದು ಮೊದಲು ಬಂದು ಕಾರಣ ಆಮೇಲೆ ಬರುತ್ತದೆ, ಚಿಕ್ಕ ಮಕ್ಕಳು ಅಲ್ಲಿ ತಡವರಿಸುತ್ತಾರೆ.

ನಾನು ಕುಷ್ಟಗಿ ಕಡೆಯ ಶಾಲೆಯಲ್ಲಿದ್ದಾಗ, ನಲಿಕಲಿ ಕೋಣೆಯಲ್ಲಿ 1, 2, 3ನೆಯ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಿದ್ದರು. ಹಳೆಯ ಕ್ಯಾಲೆಂಡರಿನ ಹಿಂಬದಿಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಒಂದೊಂದರ ಮೇಲೆ ಒಂದೊಂದು ವಾಕ್ಯ ಬರೆದು, ಜೋಡಿಸುವ ಪದಗಳನ್ನು ಬೇರೆ ಚೀಟಿಗಳಲ್ಲಿ ಇಟ್ಟು, ನಡುವೆ ಯಾವುದನ್ನಿಡುತ್ತೀರಿ ಎಂದು ಕೇಳುತ್ತಿದ್ದೆ. ಒಮ್ಮೆ ‘ಮಳೆ ಬಂತು’, ‘ಅಪ್ಪ ಹೊಲಕ್ಕೆ ಹೋದನು’ ಎಂಬ ಎರಡು ಪಟ್ಟಿಗಳನ್ನು ಕೊಟ್ಟೆ. ನನ್ನ ಮನಸ್ಸಿನಲ್ಲಿದ್ದ ಉತ್ತರ ‘ಆದರೂ’. ಒಬ್ಬ ಹುಡುಗ ‘ಆದ್ದರಿಂದ’ ಇಟ್ಟ. ತಪ್ಪು ಎಂದು ಚೀಟಿ ಎತ್ತಲು ಕೈಹಾಕಿದರೆ, ಅವನು ಅದರ ಮೇಲೆ ಅಂಗೈ ಊರಿ, ‘ಮಳಿ ಬಂದೈತಲ್ರೀ ಟೀಚರ್, ಬಿತ್ತಾಕ ಹೋಗ್ಬೇಕಲ್ರೀ’ ಎಂದ. ಮಳೆಗಾಗಿ ಮುಗಿಲು ನೋಡುವ ಮನೆಯ ಮಗು ಅದು. ಕೊಡೆ ಹಿಡಿದು ಮನೆಯೊಳಗೆ ಓಡುವ ಲೆಕ್ಕ ನನ್ನದಾಗಿತ್ತು. ಅಂದಿನಿಂದ ನಾನು ಚೀಟಿ ನೋಡಿ ಸರಿ ತಪ್ಪು ಹೇಳುವುದನ್ನು ಬಿಟ್ಟು, ಅದನ್ನೇ ಏಕೆ ಇಟ್ಟೆ ಎಂದು ಮೊದಲು ಕೇಳತೊಡಗಿದೆ.

ನೀನೂ ಹಾಗೆ ಮಾಡು. ಗವಿಮಠದ ಜಾತ್ರೆಯದೇ ಹಿಡಿ: ‘ನಾವು ಜಾತ್ರೆಗೆ ಹೋದೆವು’, ‘ಗದ್ದಲದಲ್ಲಿ ತೇರು ಕಾಣಲಿಲ್ಲ’, ‘ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡರು’. ಮೂರು ಪಟ್ಟಿ, ‘ಆದರೆ’, ‘ಆದ್ದರಿಂದ’ ಎಂಬ ಎರಡು ಚೀಟಿ. ಅವನು ಜೋಡಿಸಿ ಗಟ್ಟಿಯಾಗಿ ಓದಲಿ. ಚೀಟಿಗಳನ್ನು ಅದಲು ಬದಲು ಮಾಡಿ ನೀನು ಓದು, ಅವನೇ ನಗುತ್ತಾನೆ. ದಿನಕ್ಕೆ ಹತ್ತು ನಿಮಿಷ ಸಾಕು, ಬರೆಯುವುದು ಓದಿದ ಮೇಲೆ. ನಾಳೆ ಸಂಜೆ ಅವನ ಧ್ವನಿಯಲ್ಲಿಯೇ ಒಂದು ವಾಕ್ಯವನ್ನು ಇಲ್ಲಿಗೆ ಕಳಿಸು, ದೊಡ್ಡವ್ವ ಕೇಳುತ್ತಾಳೆ ಎಂದು ಹೇಳು.