ಕೊನೆಯ ವಾರದಲ್ಲಿ ತಿರುಗಿಕೊಂಡ ಅಪ್ಪ: ಅತ್ತಿಯ ಪ್ರಶ್ನೆಗೆ ಏನು ಹೇಳಲಿ?

ಬೆಟಗೇರಿ ಹುಡುಗ:
ಎಲ್ಲರಿಗೂ ವಂದನೆಗಳು. ನಾವು ಬಾಸೆಲ್ ಮಿಶನ್ ಕಾಲದಿಂದ ಬೆಟಗೇರಿಯ ಪ್ರೊಟೆಸ್ಟಂಟ್ ಸಭೆಯವರು. ನಮ್ಮಪ್ಪ ಹೋದ ತಿಂಗಳು ತೀರಿಕೊಂಡರು. ಕುಡಿತದಿಂದ ಲಿವರ್ ಕೆಟ್ಟಿತ್ತು. ಅವ್ವನ ಬಂಗಾರ, ಇದ್ದೊಂದು ಹೊಲ, ಎಲ್ಲ ಅದಕ್ಕೇ ಹೋದವು. ಅವರು ಚರ್ಚಿಗೆ ಬಂದದ್ದು ನನಗೆ ನೆನಪೇ ಇಲ್ಲ. ಆಸ್ಪತ್ರೆಯಲ್ಲಿ ಕೊನೆಯ ವಾರ ತಾವಾಗಿಯೇ ಪಾಸ್ಟರನ್ನು ಕರೆಸಿದರು. ಅತ್ತು ಪಾಪ ಒಪ್ಪಿಕೊಂಡರು, ಕರ್ತನ ಭೋಜನ ತೆಗೆದುಕೊಂಡರು, ಸಮಾಧಾನದಿಂದ ಹೋದರು. ಮಣ್ಣು ಕೊಡುವಾಗ ಪಾಸ್ಟರ್, ಯೇಸುವಿನ ಪಕ್ಕದ ಶಿಲುಬೆಯಲ್ಲಿ ಸಾಯುವ ಹೊತ್ತಿಗೆ ಆತನನ್ನು ನಂಬಿ ಪರದೈಸಿನ ಮಾತು ಪಡೆದ ಕಳ್ಳನ ಭಾಗ ಓದಿ, ‘ಇವರು ಕರ್ತನ ಬಳಿ ಇದ್ದಾರೆ’ ಅಂದರು.

ಮನೆಗೆ ಬಂದ ಮೇಲೆ ಅಪ್ಪನ ಅಕ್ಕ, ಅಂದರೆ ನಮ್ಮ ಅತ್ತಿ, ಕೇಳಿದಳು: “ಹಂಗಾದ್ರ ನಾ ಇಷ್ಟು ವರ್ಷ ಸಂಡೇ ಸ್ಕೂಲ್ ನಡಿಸಿದ್ದು, ಉಪಾಸ ಮಾಡಿದ್ದು, ದಶಮಾಂಶ ಕೊಟ್ಟಿದ್ದು ಎದಕ್ಕ? ಅವಗೂ ನನಗೂ ಒಂದ ಲೆಕ್ಕ?” ತಮ್ಮ ನರಕಕ್ಕೆ ಹೋಗಲಿ ಅನ್ನುವ ಹೆಂಗಸಲ್ಲ ಆಕೆ. ನಿಜವಾಗಿಯೇ ತಿಳಿಯದೆ ಕೇಳಿದಳು.

ಅವ್ವ ಮಾತ್ರ ಏನೂ ಅನ್ನಲಿಲ್ಲ. ಅಪ್ಪ ದೇವರ ಹತ್ತಿರ ಕ್ಷಮೆ ಕೇಳಿದರು, ಪಕ್ಕದಲ್ಲೇ ಕೂತಿದ್ದ ಅವ್ವನನ್ನು ಕೇಳಲಿಲ್ಲ. ನನ್ನನ್ನು ಹೆಚ್ಚು ಕೊರೆಯುವುದು ಅದೇ. ಬಲ್ಲವರು ಹೇಳಿ.

ಬಲ್ಮಠದ ಟೀಚರ್:
ತಮ್ಮಾ, ನಾನೂ ಸಂಡೇ ಸ್ಕೂಲಿನಲ್ಲಿ ಕಲಿಸಿ ಮುದುಕಿಯಾದವಳು, ನಿಮ್ಮ ಅತ್ತೆಯ ಪ್ರಶ್ನೆ ನನ್ನದೂ ಹೌದು. ಇದಕ್ಕೆ ಎಲ್ಲರೂ ಬೈಬಲಿನ ಮತ್ತಾಯ 20ರ ದ್ರಾಕ್ಷೇತೋಟದ ಕೂಲಿಯವರನ್ನು ತೋರಿಸುತ್ತಾರೆ: ಬೆಳಿಗ್ಗೆ ಬಂದವನಿಗೂ ಸಂಜೆ ಬಂದವನಿಗೂ ಯಜಮಾನ ಒಂದೇ ಕೂಲಿ ಕೊಟ್ಟ ಕಥೆ. ತೋರಿಸಲಿ, ಆದರೆ ಒಂದು ಸಂಗತಿ ಬಿಟ್ಟುಹೋಗುತ್ತದೆ. ಸಂಜೆ ಬಂದವನಿಗೆ ಯಜಮಾನ ಕೊಟ್ಟದ್ದು ಒಂದು ದಿನದ ಕೂಲಿ, ಒಂದು ಸಂಸಾರ ಅಂದು ಉಣ್ಣಲು ಬೇಕಾಗುವಷ್ಟು. ಆತ ನೋಡಿದ್ದು ಗಂಟೆಯನ್ನಲ್ಲ, ಹಸಿವನ್ನು.

ಆದರೂ ನಿಮ್ಮ ಅತ್ತೆಗೆ ನಾನು ಓದಿ ಹೇಳುವುದು ಲೂಕ 15ರ ಕೊನೆಯ ಭಾಗ. ಆಸ್ತಿಯ ಪಾಲನ್ನೆಲ್ಲ ಹಾಳುಮಾಡಿದ ಕಿರಿಮಗ ತಿರುಗಿ ಬಂದಾಗ ತಂದೆ ಓಡಿಹೋಗಿ ಅಪ್ಪಿಕೊಂಡದ್ದು, ಔತಣ ಮಾಡಿಸಿದ್ದು ಎಲ್ಲರಿಗೂ ಗೊತ್ತು. ಅದೇ ತಂದೆ, ಮನೆಯಲ್ಲೇ ದುಡಿದು ಈಗ ಸಿಟ್ಟುಮಾಡಿ ಹೊರಗೆ ನಿಂತ ಹಿರಿಮಗನಿಗಾಗಿಯೂ ಔತಣ ಬಿಟ್ಟು ಎದ್ದು ಬರುತ್ತಾನೆ, ಬೇಡಿಕೊಳ್ಳುತ್ತಾನೆ. ‘ಮಗನೇ, ನೀನು ಯಾವಾಗಲೂ ನನ್ನ ಸಂಗಡಲೇ ಇದ್ದೀಯಲ್ಲ, ನನ್ನದೆಲ್ಲಾ ನಿನ್ನದೇ’ ಎನ್ನುವುದು ಅತ್ತೆಗೆ ಸಲ್ಲುವ ಮಾತು. ಮಕ್ಕಳಿಗೆ ಬಾಯಿಪಾಠ ಹೇಳಿಕೊಟ್ಟ ಭಾನುವಾರಗಳು ಪರಲೋಕಕ್ಕೆ ಕಟ್ಟಿದ ಕಂತುಗಳಲ್ಲ. ಅಷ್ಟೂ ವರ್ಷ ಆಕೆ ಕರ್ತನ ಜೊತೆಯಲ್ಲೇ ಬಾಳಿದಳು. ತಮ್ಮನಿಗೆ ಸಿಕ್ಕಿದ್ದು ಒಂದು ವಾರ, ಅದೂ ಹಾಸಿಗೆಯ ಮೇಲೆ. ಕಳೆದುಕೊಂಡವರು ಯಾರು, ನೀವೇ ಹೇಳಿ.

ನಮ್ಮ ಸಭೆಗಳಲ್ಲಿ ಎಫೆಸ 2ರ 8, 9ನೇ ವಚನ ಎಲ್ಲರಿಗೂ ಬಾಯಿಗೆ ಬರುತ್ತದೆ: ರಕ್ಷಣೆ ಕೃಪೆಯಿಂದ, ಕ್ರಿಯೆಗಳಿಂದಲ್ಲ. 10ನೇ ವಚನಕ್ಕೆ ಯಾರೂ ಹೋಗುವುದಿಲ್ಲ. ಸತ್ಕ್ರಿಯೆ ಮಾಡಲಿಕ್ಕೇ ದೇವರು ನಮ್ಮನ್ನು ನಿರ್ಮಿಸಿದ್ದು ಎಂದು ಅಲ್ಲಿದೆ.

ಇನ್ನು ನಿಮ್ಮ ತಾಯಿ. ಸುಂಕ ವಸೂಲಿಗಾರ ಜಕ್ಕಾಯ ತಾನು ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಅಂದ ಮೇಲೆಯೇ ಯೇಸು ‘ಈ ಹೊತ್ತು ಈ ಮನೆಗೆ ರಕ್ಷಣೆಯಾಯಿತು’ ಅಂದದ್ದು. ಕೊಟ್ಟು ಕೊಂಡುಕೊಂಡ ರಕ್ಷಣೆಯಲ್ಲ ಅದು. ಆದರೆ ಕೃಪೆ ಒಳಗೆ ಬಂದ ಮನೆಯಲ್ಲಿ ಬೇರೆಯವರ ಬಾಕಿ ನೆನಪಾಗುತ್ತದೆ. ನಿಮ್ಮ ತಂದೆಗೆ ಸಮಯ ಸಾಲಲಿಲ್ಲವೋ, ಹೆಂಡತಿಯ ಮುಖ ನೋಡುವ ಧೈರ್ಯ ಸಾಲಲಿಲ್ಲವೋ, ಅದು ದೇವರಿಗೆ ಬಿಟ್ಟದ್ದು. ‘ದೇವರೇ ಕ್ಷಮಿಸಿದ್ದಾನೆ, ನೀನೂ ಕ್ಷಮಿಸಿಬಿಡಮ್ಮ’ ಎಂದು ಸಭೆಯವರು ಯಾರಾದರೂ ಮನೆಗೆ ಬಂದು ಹೇಳಿದರೆ ದಯವಿಟ್ಟು ತಡೆಯಿರಿ. ಕ್ಷಮಿಸು ಎಂಬ ಆಜ್ಞೆ ಆಕೆಗೂ ಇದೆ, ನಿಜ. ಆದರೆ ಅವಸರ ಮಾಡುವ ಹಕ್ಕು ನಮಗಿಲ್ಲ. ಅಪ್ಪನ ಪರವಾಗಿ ನೀವು ಪಶ್ಚಾತ್ತಾಪ ಪಡಲಾರಿರಿ. ‘ಅಪ್ಪ ನಿನಗೆ ಮಾಡಿದ್ದು ಅನ್ಯಾಯ’ ಎಂದು ಒಮ್ಮೆ ಬಾಯಿಬಿಟ್ಟು ಹೇಳಬಲ್ಲಿರಿ. ಹೇಳಿ.

ಚಿಕ್ಕಮಗಳೂರು ಕಥೋಲಿಕ:
ಟೀಚರ್ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಕಥೋಲಿಕರು ಪುಣ್ಯಕಾರ್ಯದಿಂದ ಸ್ವರ್ಗ ಗಳಿಸುತ್ತೇವೆ ಅನ್ನುತ್ತಾರೆ ಎಂಬ ತಪ್ಪು ತಿಳಿವಳಿಕೆ ಇದೆ. 1547ರ ಜನವರಿ 13ರಂದು ನಮ್ಮ ಧರ್ಮಾಧ್ಯಕ್ಷರ ಟ್ರೆಂಟ್ ಮಹಾಸಭೆ ಹೊರಡಿಸಿದ ತೀರ್ಪಿನಲ್ಲೇ, ನೀತಿವಂತರೆಂದು ಎಣಿಸಲ್ಪಡುವ ಆ ಕೃಪೆಯನ್ನು ಅದಕ್ಕೆ ಮುಂಚಿನ ನಂಬಿಕೆಯಾಗಲಿ ಕ್ರಿಯೆಯಾಗಲಿ ಸಂಪಾದಿಸಲಾರದು ಎಂದಿದೆ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಪ್ರೊಟೆಸ್ಟಂಟರಾದ ಲೂಥರನ್ನರೂ ನಮ್ಮವರೂ ಈ ವಿಷಯದಲ್ಲಿ ಒಂದೇ ಹೇಳಿಕೆಗೆ ಸಹಿ ಹಾಕಿದರು. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳವರು ಸೇರಿಕೊಂಡರು. ಎಲ್ಲ ಭೇದವೂ ಅಳಿದಿಲ್ಲ, ಆದರೆ ಬುಡದಲ್ಲಿ ಜಗಳವಿಲ್ಲ.

ನಮ್ಮಲ್ಲಿ ಇನ್ನೊಂದು ಮಾತಿದೆ. ಪಾಪಕ್ಕೆ ಕ್ಷಮೆ ಸಿಕ್ಕ ಮೇಲೂ ಪಾಪ ಉಳಿಸಿಹೋದದ್ದು ಶುದ್ಧವಾಗಬೇಕು. ಪರ್ಗೆಟರಿ, ಅಂದರೆ ಸತ್ತ ಮೇಲೆ ಸ್ವರ್ಗಕ್ಕೆ ಮುಂಚಿನ ಆ ಶುದ್ಧೀಕರಣ, ಅನ್ನುವುದು ಅದಕ್ಕೇ. ನವೆಂಬರ್ 2ರಂದು ಸತ್ತವರಿಗಾಗಿ ಪ್ರಾರ್ಥಿಸುವುದೂ ಅದಕ್ಕೇ. ನಿಮ್ಮ ಸಭೆ ಇದನ್ನು ಒಪ್ಪುವುದಿಲ್ಲ, ಗೊತ್ತು. ನಿಮ್ಮ ತಾಯಿಯ ನೋವಿಗೆ ದೇವರ ಸನ್ನಿಧಿಯಲ್ಲಿ ಬೆಲೆ ಇದೆ, ಅದು ಒರೆಸಿಹೋಗಿಲ್ಲ ಎಂದು ನನಗೆ ಈ ಬೋಧನೆಯಿಂದಲೇ ತಿಳಿದದ್ದು. ಅದಕ್ಕಾಗಿ ಹೇಳಿದೆ.

ಹಾಸನದಿಂದ:
ನಾನು ಕ್ರೈಸ್ತನಲ್ಲ, ನೋಯಿಸಲು ಕೇಳುತ್ತಿಲ್ಲ. ಹಾಗಾದರೆ ಬೇಕಾದ್ದು ಮಾಡಿಕೊಂಡು ಕೊನೆಗೆ ಕ್ಷಮೆ ಕೇಳಿದರಾಯಿತಲ್ಲ?

ಬಲ್ಮಠದ ಟೀಚರ್:
ಇದನ್ನು ಅಪೊಸ್ತಲ ಪೌಲನ ಮುಂದೆಯೇ ಎತ್ತಿದ್ದರು, ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯ ಅಲ್ಲಿಂದಲೇ ಶುರು. ಎಂದಿಗೂ ಕೂಡದು ಎನ್ನುತ್ತಾನೆ. ಕೊನೆಗೆ ಕೇಳೋಣ ಎಂದು ಇಂದೇ ಲೆಕ್ಕ ಹಾಕುವವನು ಪಶ್ಚಾತ್ತಾಪವನ್ನು ಮುಂದೂಡುತ್ತಿಲ್ಲ, ಬೇಡವೆನ್ನುತ್ತಿದ್ದಾನೆ. ದಿನವೂ ಬೇಡವೆಂದ ಮನಸ್ಸು ಸಾಯುವ ಹೊತ್ತಿಗೆ ತಾನಾಗಿ ಮೆತ್ತಗಾಗುತ್ತದೆ ಎಂಬ ಭರವಸೆ ಎಲ್ಲೂ ಇಲ್ಲ. ಯೇಸುವಿನ ಪಕ್ಕದಲ್ಲಿ ಇಬ್ಬರನ್ನು ಶಿಲುಬೆಗೆ ಹಾಕಿದ್ದರು. ನೋವು ಒಂದೇ, ಗಳಿಗೆಯೂ ಒಂದೇ. ಒಬ್ಬ ‘ನನ್ನನ್ನು ನೆನಸಿಕೋ’ ಎಂದ, ಇನ್ನೊಬ್ಬ ಹಂಗಿಸುತ್ತಲೇ ಇದ್ದ.