ತಾತನ ಹಳೇ ಕ್ಲಾರಿನೆಟ್ ಮಾರ್ಬೇಕು, ಮಾರಿ ಅನುಭವ ಇರೋರು ಹೇಳಿ

ಒಂಟಿಕೊಪ್ಪಲ್ ಮೊಮ್ಮಗ:
ತಾತ ಮೈಸೂರಲ್ಲಿ ಬ್ಯಾಂಡ್‌ಸೆಟ್‌ನಲ್ಲಿ ನುಡಿಸ್ತಿದ್ರು. ಅಟ್ಟ ಕ್ಲೀನ್ ಮಾಡುವಾಗ ಪೆಟ್ಟಿಗೆ ಸಿಕ್ತು. ಕಪ್ಪು ಮರ, 'ಹಾಕ್ಸ್ ಅಂಡ್ ಸನ್, ಲಂಡನ್' ಅಂತ ಮುದ್ರೆ, 13 ಕೀ, ಮೇಲಿನ ತುಂಡಲ್ಲಿ ಕೂದಲೆಳೆಯಷ್ಟು ಬಿರುಕು. ಎಷ್ಟಕ್ಕೆ ಹೋಗಬಹುದು? ರಿಪೇರಿ ಮಾಡಿಸಿ ಮಾರೋದಾ, ಹಾಗೇ ಕೊಡೋದಾ?

ಕದ್ರಿ ಗುಡ್ಡೆ:
ರಿಪೇರಿ ಮಾತ್ರ ಬೇಡ ಮಾರಾಯ್ರೆ. ನಂದು ಕೇಳಿ. ಅಜ್ಜನದ್ದು, ಲಂಡನ್ ಅಂತ ಕಂಡದ್ದೇ ಲಕ್ಷ ಸಿಗ್ತದೆ ಅಂತ ನನ್ನ ಮಂಡೆ ತಿರುಗಿತು. ಪ್ಯಾಡ್ ಅಷ್ಟೂ ಬದಲಿಸಿದ್ದು 1,850, ಕಾರ್ಕ್ 600, ಸ್ಪ್ರಿಂಗ್ 800, ಬಿರುಕು ಮುಚ್ಚಿದ್ದು 2,500, ಮೌತ್‌ಪೀಸ್ 3,200, ರೀಡ್ 450, ಬೆಂಗಳೂರಿಗೆ ಎರಡು ಸಲ ಬಸ್ಸು 2,100. ಒಟ್ಟು 11,500. ಕೊಳ್ಳಲಿಕ್ಕೆ ಬಂದ ಹುಡುಗ ಮೊಬೈಲಲ್ಲಿ ಟ್ಯೂನರ್, ಅಂದ್ರೆ ಶ್ರುತಿ ಅಳೆಯುವ ಆ್ಯಪ್, ಇಟ್ಟು ಊದಿದ, ಮುಖ ಸಣ್ಣ ಮಾಡಿದ. ಮುದ್ರೆಯ ಕೆಳಗೆ ಚಿಕ್ಕದಾಗಿ 'ಎಚ್ ಪಿ' ಅಂತ ಉಂಟು, ನಾವದನ್ನು ಅಜ್ಜನ ಇನಿಶಿಯಲ್ ಅಂತ ತಿಳ್ಕೊಂಡಿದ್ದೆವು! ಹೈ ಪಿಚ್ ಅಂತೆ. ಹಳೇ ಬ್ರಿಟಿಷ್ ಮಿಲಿಟರಿ ಬ್ಯಾಂಡಿನ ಶ್ರುತಿ, 452 ಹರ್ಟ್ಸ್ ಹತ್ತಿರ, ಈಗಿನದ್ದು 440. ಹಾರ್ಮೋನಿಯಂ ಎರಡು ಮನೆ ಶ್ರುತಿಯಲ್ಲಿ ಹಿಡಿದ್ರೆ ಇದು ಎರಡಕ್ಕೂ ಸೇರುವುದಿಲ್ಲ, ಅದರ ಮೇಲಿನ ಎರಡೂವರೆಗೂ ಸೇರುವುದಿಲ್ಲ. ಮೌತ್‌ಪೀಸ್ ಕೆಳಗಿನ ಗಿಡ್ಡ ತುಂಡು, ಬ್ಯಾರಲ್, ಅದನ್ನು ಹೊರಗೆ ಎಳೆದ್ರೆ ಒಂದು ಸ್ವರ ಸರಿಯಾಗ್ತದೆ ಇನ್ನೊಂದು ಕೆಡ್ತದೆ. 6,000ಕ್ಕೆ ಕೊಟ್ಟು ಕೈ ತೊಳ್ಕೊಂಡೆ.

ಧಾರವಾಡ ಫೇಡೆ:
ಎಚ್ ಪಿ ಅಂದಕೂಡ್ಲೆ ಕಸಾ ಅಂತೀರಲ್ರೀ. ಒಬ್ಬರ ಕೂತು ನುಡಿಸೋರಿಗೆ ಏನು ತ್ರಾಸು? ತಂಬೂರಿ ಪೆಟ್ಟಿಗಿ ತಿರುವಿ ಅದಕ್ಕ ಹೊಂದಿಸಿದ್ರ ಆತು, ತಬಲಾನೂ ಏರಿಸಬಹುದು. ಬ್ಯಾಂಡಿನ ವಾದ್ಯ ಅಂತ ಮೂಗು ಮುರೀಬ್ಯಾಡ್ರಿ, ನಮ್ಮ ರಾಯಚೂರ ಕಡೆಯ ನರಸಿಂಹಲು ವಡವಾಟಿಯವರು ಇದರಾಗ ಹಿಂದೂಸ್ತಾನಿ ನುಡಿಸ್ಯಾರ. ನಮ್ಮ ಕಾಕಾಂದು 18,000ಕ್ಕ ಕೇಳಿದ್ರು, ನಾ ಕೊಡ್ಲಿಲ್ಲ. ಕಪಾಟಿನ್ಯಾಗ ಐತಿ, ದೀಪಾವಳಿಗೆ ತೆಗೆದು ಒರಸ್ತೇನಿ.

ಕದ್ರಿ ಗುಡ್ಡೆ:
ಕಪಾಟಿನಲ್ಲಿಟ್ಟು ಪೂಜೆ ಮಾಡುವವರಿಗೆ ಪಿಚ್ ಯಾವುದಾದ್ರೇನು? ನಾನು ಮಾರುವ ಮಾತಾಡಿದ್ದು. ಕೊಳ್ಳುವವ್ರು ಮದುವೆ ಬ್ಯಾಂಡಿನವ್ರು, ಕೀಬೋರ್ಡಿಗೆ ಸೇರ್ಬೇಕು ಅವ್ರಿಗೆ.

ಸುಮಕ್ಕ:
ನಮ್ಮಪ್ಪನ ಹತ್ರ ಎರಡಿತ್ತು. ಒಂದು ಬಫೆ ಅನ್ನೋ ಕಂಪನಿದು, ಪ್ಯಾರಿಸ್‌ದು, 17 ಕೀ. ಅದರ ನಂಬರ್ ಇಟ್ಕೊಂಡು ಯಾವ ವರ್ಷದ್ದು ಅಂತ ಹುಡುಕಿದೆ, ಒಂದು ಪ್ಯಾಡೂ ಮುಟ್ಟದೆ 48,000ಕ್ಕೆ ಕೊಟ್ಟೆ, ಮೊದಲು 15,000 ಅಂದಿದ್ದ ಅಂಗಡಿಯವನಿಗೆ ಕೊಟ್ಟಿದ್ರೆ ಇವತ್ತಿಗೂ ಅಳ್ತಿದ್ದೆ. ಇನ್ನೊಂದು ಕರಿಮರ ಅಂದ್ಕೊಂಡಿದ್ವಿ. ಬೆರಳಲ್ಲಿ ಬಿಸಿಯಾಗೋವರೆಗೂ ಉಜ್ಜಿ ಮೂಸಿದ್ರೆ ಗಂಧಕದ ವಾಸನೆ, ಬಿಸಿಲು ಬಿದ್ದ ಕಡೆ ಹಸಿರುಗಂದು. ಎಬೊನೈಟ್, ಅಂದ್ರೆ ಗಟ್ಟಿ ರಬ್ಬರ್. ನಮ್ಮತ್ತೆ ಬಿಸಿನೀರಲ್ಲಿ ಅದ್ದಿ ತೊಳೆದ್ರು, ಬೂದಿ ಬಳಿದ ಹಾಗಾಯ್ತು. ಯಾರೂ ತಗೊಳ್ಳಿಲ್ಲ. ನಿಮ್ಮದರಲ್ಲಿ ಹಾಕ್ಸ್ ಅಂತ ಮಾತ್ರ ಇದ್ರೆ 1930ರ ಹಿಂದಿಂದು, ಆ ವರ್ಷ ಹಾಕ್ಸ್ ಬೂಸಿ ಕಂಪನಿ ಜೊತೆ ಸೇರ್ತು. ಆದ್ರೆ 13 ಕೀ ಈಗ ಕಲಿಯೋ ಮಕ್ಕಳು ಮುಟ್ಟಲ್ಲ.

ಧಾರವಾಡ ಫೇಡೆ:
48,000 ಬಂತಲ್ಲಕ್ಕಾ, ಅಣ್ಣ ತಮ್ಮಂದಿರಿಗೆ ಪಾಲು ಕೊಟ್ರೇನು?

ಸುಮಕ್ಕ:
ಆಸ್ಪತ್ರೆ ಬಿಲ್ ಕಟ್ಟಿದ್ದು ನಾನು, ಅವರಲ್ಲ. ಗೊತ್ತಿಲ್ಲದೆ ಬಾಯಿ ಹಾಕ್ಬೇಡಿ.

ಧಾರವಾಡ ಫೇಡೆ:
ಚಾಷ್ಟಿಗೆ ಕೇಳಿದ್ನಿ. ನಮ್ಮನ್ಯಾಗೂ ಅದಕ್ಕ ಮಾರಿಲ್ರಿ, ಮೂರು ಮಂದಿಗೆ ಹಂಚೋದು ಹ್ಯಾಂಗ?

ಕದ್ರಿ ಗುಡ್ಡೆ:
ಹಾಗಾದ್ರೆ ಭಕ್ತಿಯಿಂದ ಇಟ್ಟದ್ದಲ್ಲ!

ಒಂಟಿಕೊಪ್ಪಲ್ ಮೊಮ್ಮಗ:
ಟಾರ್ಚ್ ಹಾಕಿ ನೋಡ್ದೆ. ನಮ್ದರಲ್ಲೂ ಎರಡಕ್ಷರ ಇದೆ, ಸವೆದುಹೋಗಿದೆ. ಎರಡನೇದು ಪಿ. ಮೊದಲನೇದು 'ಎಚ್' ಇರ್ಬೇಕಾ 'ಎಲ್' ಇರ್ಬೇಕಾ ಗೊತ್ತಾಗ್ತಿಲ್ಲ.

ಸುಮಕ್ಕ:
ಎಲ್ ಆಗಿದ್ರೆ ಲೋ ಪಿಚ್, ಈಗಿನ ಶ್ರುತಿಗೆ ಸೇರತ್ತೆ, ಬಚಾವ್.

ಕದ್ರಿ ಗುಡ್ಡೆ:
ಬಿರುಕಿಗೆ ಬೆರಳು ಒತ್ತಿ ಹಿಡ್ದು ಒಂದು ಸಲ ಊದಿ, ಟ್ಯೂನರ್ ಹೇಳ್ತದೆ.

ಧಾರವಾಡ ಫೇಡೆ:
ಬಿರುಕು ಬಿಟ್ಟಿದ್ದನ್ನ ಊದ್ಬ್ಯಾಡ್ರಿ ಮಾರಾಯರ, ಪೂರಾ ಸೀಳತದ! ತನ್ನದಂತೂ ಹಾಳ ಮಾಡ್ಕೊಂಡ, ಈಗ ಅವರದ್ದು.