ಮ್ಯಾಗ್ನೆಟ್ ಗುಂಡು ನುಂಗಿದ್ದಾನೆ, ನಾಳೆವರೆಗೆ ಕಾಯಬಹುದಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನನ್ನ ಮಗನಿಗೆ ಮೂರು ವರ್ಷ. ಅಕ್ಕನ ಡಬ್ಬಿಯಲ್ಲಿದ್ದ ಸಣ್ಣ ಮ್ಯಾಗ್ನೆಟ್ ಗುಂಡು ನುಂಗಿದ್ದಾನೆ. ಒಂದು ನುಂಗಿದ್ದನ್ನು ಅವಳು ನೋಡಿದ್ದಾಳೆ. ಎರಡು ಗಂಟೆ ಆಯಿತು, ಆರಾಮಾಗಿ ಆಡ್ತಿದ್ದಾನೆ. ಹಿಂದೆ ನಾಣ್ಯ ನುಂಗಿದ್ದಾಗ ತಾನಾಗೇ ಹೊರಗೆ ಬಂದಿತ್ತು. ಬಾಳೆಹಣ್ಣು ಕೊಡು, ನಾಳೆ ಬರುತ್ತೆ ಅಂತಾರೆ ಅತ್ತೆ. ಕಾಯಬಹುದಾ?

ಉತ್ತರ (ಮಕ್ಕಳ ಶಸ್ತ್ರಚಿಕಿತ್ಸಕ): ಬೇಡಮ್ಮ, ಈಗಲೇ ಹೊರಡಿ. ಬಾಳೆಹಣ್ಣು, ಹರಳೆಣ್ಣೆ, ನೀರು ಏನೂ ಕೊಡಬೇಡಿ. ಎಂಡೋಸ್ಕೋಪಿ, ಅಂದರೆ ಬಾಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ತೆಗೆಯುವುದು, ಮಾಡಬೇಕಾಗಿ ಬಂದರೆ ಹೊಟ್ಟೆ ಖಾಲಿ ಇರಬೇಕು. ವಾಂತಿ ಮಾಡಿಸಲೂ ಹೋಗಬೇಡಿ.

ನಾಣ್ಯ ಹೊಟ್ಟೆಗೆ ಇಳಿದರೆ ಸಾಮಾನ್ಯವಾಗಿ ಸುಮ್ನೆ ಜಾರಿಕೊಂಡು ಹೋಗುತ್ತೆ, ಅತ್ತೆಯವರ ಮಾತು ಅಲ್ಲಿಗೆ ಸರಿ. ಇದು ಹಾಗಲ್ಲ. ಈ ಗುಂಡುಗಳು ನಿಯೋಡಿಮಿಯಮ್ ಅನ್ನೋ ಲೋಹ ಸೇರಿಸಿ ಮಾಡಿದವು, ಎಳೆತ ತುಂಬಾ ಜಾಸ್ತಿ. ಅಕ್ಕ ನೋಡಿದ್ದು ಒಂದು, ಆದರೆ ಅವಳಿಗೆ ಕಾಣದೆ ಇನ್ನೂ ನುಂಗಿರಬಹುದು. ಒಂದು ಗುಂಡು ಕರುಳಿನ ಒಂದು ಸುರುಳಿಯಲ್ಲಿ, ಇನ್ನೊಂದು ಪಕ್ಕದ ಸುರುಳಿಯಲ್ಲಿ ಇದ್ದರೆ, ನಡುವಿನ ಗೋಡೆಗಳನ್ನು ಸೇರಿಸಿ ಕಚ್ಚಿಕೊಳ್ಳುತ್ತವೆ. ಅಲ್ಲಿ ರಕ್ತ ಓಡಲ್ಲ, ಗೋಡೆ ಸತ್ತು ತೂತು ಬೀಳುತ್ತೆ. ಕರುಳು ತಿರುಚಿಕೊಳ್ಳುವುದೂ ಉಂಟು. ಹೀಗೆ ಕಚ್ಚಿಕೊಂಡಾಗಲೂ ಶುರುವಿನಲ್ಲಿ ಮಗು ನಗ್ತಾ ಆಡ್ತಾ ಇರಬಹುದು. ನೋವು, ವಾಂತಿ, ಜ್ವರ ಕಾಣಿಸುವ ಹೊತ್ತಿಗೆ ಒಳಗೆ ಆಗಬಾರದ್ದು ಆಗಿರಬಹುದು. ಅವನು ಆರಾಮಾಗಿರುವ ಈ ಹೊತ್ತೇ ನಮಗೆ ಬೇಕಾದ ಹೊತ್ತು.

ಮಕ್ಕಳಿಗೆ ಎಂಡೋಸ್ಕೋಪಿ ಮಾಡುವವರು, ಮಕ್ಕಳ ಸರ್ಜನ್ ಇಬ್ಬರೂ ಇರುವ ಆಸ್ಪತ್ರೆ ನೋಡಿ. ದೂರ ಇದ್ದರೆ ಮೊದಲೇ ಫೋನ್ ಮಾಡಿ, “ಮ್ಯಾಗ್ನೆಟ್ ನುಂಗಿದ್ದಾನೆ” ಅಂತಲೇ ಹೇಳಿ. ಬರೀ “ಏನೋ ನುಂಗಿದ್ದಾನೆ” ಅಂದರೆ ಸಾಲಿನಲ್ಲಿ ಕೂರಿಸಿಬಿಡಬಹುದು. ಉಳಿದ ಗುಂಡುಗಳನ್ನು ಡಬ್ಬಿ ಸಮೇತ ತನ್ನಿ, ಆದರೆ ಮಗುವಿನ ಹತ್ತಿರ ಇಡಬೇಡಿ. ಲೋಹದ ಬಕಲ್, ಗುಂಡಿ ಇರುವ ಚಡ್ಡಿ ಬಿಚ್ಚಿ ಬೇರೆ ಹಾಕಿ.

ಪ್ರಶ್ನೆ: ಹೊರಟಿದ್ದೀವಿ ಡಾಕ್ಟ್ರೇ. ಎಕ್ಸ್‌ರೇಯಲ್ಲಿ ಒಂದೇ ಕಂಡರೆ ವಾಪಸ್ ಕಳಿಸ್ತಾರಾ?

ಉತ್ತರ: ಒಂದೇ ಅನ್ನೋದು ಖಾತ್ರಿ ಆಗಬೇಕು. ಎರಡು ಗುಂಡು ಅಂಟಿಕೊಂಡು ಒಂದರ ಹಿಂದೊಂದು ನಿಂತರೆ ಎದುರಿನಿಂದ ತೆಗೆದ ಚಿತ್ರದಲ್ಲಿ ಒಂದೇ ಗುಂಡಿನಂತೆ ಕಾಣುತ್ತೆ. ಅದಕ್ಕೇ ಪಕ್ಕದಿಂದಲೂ ಒಂದು ತೆಗೆಯುತ್ತೇವೆ. ತೆಗೆಯದಿದ್ದರೆ ನೀವೇ ಕೇಳಿ, ಸಂಕೋಚ ಬೇಡ. ನಿಜಕ್ಕೂ ಒಂದೇ ಇದ್ದು, ಜೊತೆಗೆ ಬೇರೆ ಲೋಹ ಇಲ್ಲದಿದ್ದರೆ, ಮತ್ತೆ ಮತ್ತೆ ಎಕ್ಸ್‌ರೇ ತೆಗೆದು ಕಾಯುವುದುಂಟು. ಎರಡೋ ಜಾಸ್ತಿಯೋ ಇದ್ದು ಇನ್ನೂ ಜಠರದಲ್ಲೇ ಇದ್ದರೆ ಎಂಡೋಸ್ಕೋಪಿಯಲ್ಲಿ ಬೇಗ ತೆಗೆದುಬಿಡುತ್ತೇವೆ, ಹೊಟ್ಟೆ ಕೊಯ್ಯಬೇಕಾಗಲ್ಲ. ಕರುಳಿಗೆ ಇಳಿದಿದ್ದರೆ ದಾಖಲು ಮಾಡಿಕೊಂಡು ನೋಡುತ್ತೇವೆ, ಮುಂದೆ ಸರಿಯದಿದ್ದರೆ ಆಪರೇಷನ್.

ಪ್ರಶ್ನೆ (ಇನ್ನೊಬ್ಬರು): ಇಷ್ಟು ಅಪಾಯದ್ದನ್ನ ಮಾರೋಕೆ ಬಿಡೋದಾದ್ರೂ ಯಾಕೆ ಸರ್?

ಉತ್ತರ: ಇಂಥವು ಬಹಳಷ್ಟು ದೊಡ್ಡವರು ಬೇಜಾರು ಕಳೆಯೋಕೆ ಅಂತ ಮಾರಾಟ ಆಗುತ್ತವೆ, ಆಟಿಕೆಯ ನಿಯಮ ತಪ್ಪಿಸಿಕೊಳ್ಳುತ್ತವೆ. ಅಮೆರಿಕದಲ್ಲಿ 2014ರಲ್ಲಿ ಇದಕ್ಕೊಂದು ನಿಯಮ ತಂದರು, 2016ರಲ್ಲಿ ಕೋರ್ಟ್ ರದ್ದು ಮಾಡಿತು, 2022ರಲ್ಲಿ ಮತ್ತೆ ತರಬೇಕಾಯಿತು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಈ ಗುಂಡುಗಳು ಇರಲೇಬಾರದು ಅನ್ನೋದು ನನ್ನ ಅಭಿಪ್ರಾಯ. ಎತ್ತರದ ಕಪಾಟಿನಲ್ಲಿಟ್ಟರೂ ಉದುರಿದ ಒಂದು ಗುಂಡು ಸೋಫಾ ಸಂದಿಯಲ್ಲಿ ಉಳಿದಿರುತ್ತೆ. ದೊಡ್ಡ ಹುಡುಗಿಯರೂ ಮೂಗುಬೊಟ್ಟಿನ ಹಾಗೆ ಕಾಣಲಿ ಅಂತ ಮೂಗಿಗೋ ನಾಲಿಗೆಗೋ ಎರಡೂ ಕಡೆ ಅಂಟಿಸಿಕೊಂಡು ನುಂಗಿಬಿಡುತ್ತಾರೆ, ಅವರಿಗೂ ಹೇಳಿಡಿ.